ಬೇತ್–ಮೇಮ್–ಹೇ: ಕೈರೋದ ಸಿನಗಾಗ್‌ನಲ್ಲಿ ಉಳಿದ ಮಂಗಳೂರಿನ ಬೊಮ್ಮ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಶಾಸನ ಓದುವವರಿಗೆ ಜೈನ ಬಸದಿ, ಶಿವಾಲಯ, ವೀರಗಲ್ಲು, ಕೆರೆ ತೂಬಿನ ಕಲ್ಲು ಎಲ್ಲ ಸಿಗುತ್ತವೆ. ಯಹೂದಿಗಳ ಸುದ್ದಿ ಸಿಗೋದಿಲ್ಲ. ಬೆಂಗಳೂರು ನಗರಕ್ಕೆ ಬಂದರೆ ಮೈಸೂರು ರಸ್ತೆ ಬಳಿ ಹೀಬ್ರೂ ಬರಹದ ಸಮಾಧಿಗಳಿರುವ ಒಂದು ಯಹೂದಿ ಸ್ಮಶಾನವಿದೆ. ಅದು 20ನೇ ಶತಮಾನದ್ದು. ಹಾಗಾದರೆ ಕರ್ನಾಟಕದ ನೆಲದಲ್ಲಿ ಯಹೂದಿಗಳ ಹಳೆಯ ದಾಖಲೆ ಯಾವುದು? ಅದು ಕಲ್ಲಿನ ಮೇಲೆ ಇಲ್ಲ, ಕಾಗದದ ಮೇಲಿದೆ. ಇರೋದು ನಮ್ಮಲ್ಲೂ ಅಲ್ಲ. ಈಜಿಪ್ಟಿನ ಹಳೇ ಕೈರೋದ ಒಂದು ಸಿನಗಾಗ್‌ನಲ್ಲಿ, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಅದು ಸುಮಾರು 750 ವರ್ಷ ಸುಮ್ಮನೆ ಬಿದ್ದಿತ್ತು.

ಆ ಕಾಗದಗಳಲ್ಲಿ ಒಬ್ಬ ಆಳಿನ ಹೆಸರು ಬರುತ್ತದೆ. ಹೀಬ್ರೂ ಲಿಪಿಯ ಮೂರೇ ಅಕ್ಷರ. ಆ ಮೂರು ಅಕ್ಷರವನ್ನು ಹೇಗೆ ಓದಬೇಕು ಅನ್ನೋದಕ್ಕೆ ನಮ್ಮ ಊರುಗಳ ಕಲ್ಲುಗಳೂ ಸಾಕ್ಷಿ ಹೇಳುತ್ತವೆ. ಈ ಲೇಖನದ ವಿಷಯ ಅಷ್ಟೇ.

ಬೆನ್ ಎಜ್ರಾ ಸಿನಗಾಗ್ ಮತ್ತು ಅದರ ಗೆನಿಜಾ

ಈಗಿನ ಕೈರೋ ನಗರದ ದಕ್ಷಿಣಕ್ಕೆ ಫುಸ್ತಾತ್ ಅನ್ನೋ ಹಳೆಯ ಊರಿತ್ತು. ಅಲ್ಲಿನ ಬೆನ್ ಎಜ್ರಾ ಸಿನಗಾಗ್ 11ನೇ ಶತಮಾನದ ಆರಂಭದಲ್ಲಿ ಫಾತಿಮಿ ಖಲೀಫ ಅಲ್-ಹಾಕಿಮನ ಕಾಲದಲ್ಲಿ ನಾಶವಾಗಿ, ಕೆಲವೇ ದಶಕಗಳಲ್ಲಿ ಮತ್ತೆ ಕಟ್ಟಲ್ಪಟ್ಟಿತು. ನಾವು ಇವತ್ತು ನೋಡುವ ಕಟ್ಟಡ 1890ರ ದಶಕದ ಮರುನಿರ್ಮಾಣ.

ಯಹೂದಿಗಳಲ್ಲಿ ಒಂದು ಪದ್ಧತಿ ಇದೆ. ದೇವರ ಹೆಸರು ಬರೆದ ಹಾಳೆ ಹರಿದು ಹಳೆಯದಾದರೂ ಅದನ್ನು ಬಿಸಾಡುವ ಹಾಗಿಲ್ಲ, ಸುಡುವ ಹಾಗಿಲ್ಲ. ಒಂದು ಕಡೆ ಕೂಡಿಟ್ಟು ಆಮೇಲೆ ಮಣ್ಣು ಮಾಡಬೇಕು. ಹಾಗೆ ಕೂಡಿಡುವ ಜಾಗಕ್ಕೆ ಗೆನಿಜಾ ಅಂತ ಹೆಸರು. ನಮಗೆ ಇದು ಹೊಸದೇನಲ್ಲ. ಹರಿದ ದೇವರ ಪಟ, ಹಳೇ ಪಂಚಾಂಗ, ಲಗ್ನಪತ್ರಿಕೆಯನ್ನು ಕಸದ ಬುಟ್ಟಿಗೆ ಹಾಕೋಕೆ ಮನಸ್ಸು ಬರದೆ ಅರಳಿಕಟ್ಟೆ ಮೇಲೆ ಇಟ್ಟು ಬರೋದಿಲ್ಲವೇ? ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳೋದಿಲ್ಲವೇ? ಅದೇ ಭಾವನೆ.

ಫುಸ್ತಾತಿನ ವಿಶೇಷ ಎರಡು. ಒಂದು, ಅಲ್ಲಿನವರು ಕೂಡಿಟ್ಟದ್ದನ್ನೆಲ್ಲ ಹೂಳಲು ಒಯ್ಯಲಿಲ್ಲ. ಗೋಡೆಯ ಎತ್ತರದಲ್ಲಿದ್ದ ಒಂದು ಕಿಂಡಿಯಿಂದ ಒಳಗಿನ ಕೋಣೆಗೆ ಹಾಕುತ್ತಲೇ ಹೋದರು. ಈಜಿಪ್ಟಿನ ಒಣ ಹವೆಯಲ್ಲಿ ಕಾಗದ ಕೊಳೆಯಲಿಲ್ಲ. ಎರಡು, ಪವಿತ್ರ ಗ್ರಂಥ ಯಾವುದು, ದಿನಸಿ ಚೀಟಿ ಯಾವುದು ಅಂತ ಅವರು ವಿಂಗಡಿಸಲೂ ಇಲ್ಲ. ಆ ಕಾಲದ ಯಹೂದಿ ವರ್ತಕರು ಅರಬ್ಬಿ ಭಾಷೆಯನ್ನೇ ಹೀಬ್ರೂ ಲಿಪಿಯಲ್ಲಿ ಬರೆಯುತ್ತಿದ್ದರು. ಕಾಗದ ಶುರುವಾಗುತ್ತಿದ್ದದ್ದೇ ದೇವರ ಹೆಸರಿನಿಂದ. ಹಾಗಾಗಿ ಸಾಲದ ಚೀಟಿ, ಸರಕಿನ ಪಟ್ಟಿ, ಮದುವೆ ಕರಾರು, ಅಣ್ಣತಮ್ಮಂದಿರ ಜಗಳದ ಪತ್ರ ಎಲ್ಲವೂ ಆ ಕಿಂಡಿಯೊಳಗೆ ಬಿದ್ದವು.

1896ರಲ್ಲಿ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸಹೋದರಿಯರು ಪೂರ್ವದೇಶಗಳ ಪ್ರವಾಸದಲ್ಲಿ ಕೊಂಡು ತಂದ ಒಂದು ಹಾಳೆಯನ್ನು ಕೇಂಬ್ರಿಡ್ಜಿನ ವಿದ್ವಾಂಸ ಸಾಲೊಮನ್ ಶೆಕ್ಟರ್‌ಗೆ ತೋರಿಸಿದರು. ಅದರ ಮಹತ್ವ ಗುರುತಿಸಿದ ಶೆಕ್ಟರ್ ಆ ವರ್ಷದ ಕೊನೆಗೆ ಕೈರೋಗೆ ಹೋಗಿ, ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಡ್ಜಿಗೆ ತಂದರು. ಉಳಿದವು ಬೇರೆ ಬೇರೆ ದೇಶಗಳ ಗ್ರಂಥಾಲಯಗಳಿಗೆ ಚದುರಿದವು. ಇವುಗಳಲ್ಲಿ ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಸಂಬಂಧಿಸಿದ್ದನ್ನು ಹುಡುಕಿ ಜೋಡಿಸಿದವರು ಎಸ್. ಡಿ. ಗಾಯ್ಟೈನ್. ಅವರು 1985ರಲ್ಲಿ ತೀರಿಕೊಂಡ ಮೇಲೆ ಮೊರ್ದೆಖಾಯ್ ಫ್ರೀಡ್‌ಮನ್ ಕೆಲಸ ಮುಂದುವರಿಸಿ 2008ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು.

ಮಂಗಳೂರಿನ ಬೆನ್ ಯಿಜು

ಈ ರಾಶಿಯಲ್ಲಿ ನಮಗೆ ಬೇಕಾದವನು ಅಬ್ರಹಾಂ ಬೆನ್ ಯಿಜು. ಹುಟ್ಟಿದ್ದು ಈಗಿನ ಟ್ಯುನೀಷಿಯಾದ ಮಹದಿಯಾ ಎಂಬ ಬಂದರು ಊರಿನಲ್ಲಿ. ಅಲ್ಲಿಂದ ಈಜಿಪ್ಟ್, ಏಡನ್ ದಾಟಿ ಮಂಗಳೂರಿಗೆ ಬಂದ. 1132ರ ಹೊತ್ತಿಗೆ ಮಂಗಳೂರಲ್ಲಿದ್ದ, 1149ರಲ್ಲಿ ಏಡನ್‌ಗೆ ವಾಪಸಾಗಿದ್ದ. ನಡುವಿನ ಹೆಚ್ಚಿನ ಕಾಲ ನಮ್ಮ ಕರಾವಳಿಯಲ್ಲೇ ಕಳೆದ.

ಆಗ ತುಳುನಾಡನ್ನು ಆಳುತ್ತಿದ್ದವರು ಆಳುಪರು. ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಗಿ 15 ವರ್ಷ ಆಗಿತ್ತು. ನಮ್ಮ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಚೋಳರ ಹಿಡಿತ ಸಡಿಲವಾಗಿ ಹೊಯ್ಸಳರ ಕೈ ಮೇಲಾಗುತ್ತಿದ್ದ ಕಾಲ ಅದು.

ಬೆನ್ ಯಿಜು ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಜೊತೆಗೆ ಒಂದು ಕಂಚಿನ ಕಾರ್ಖಾನೆ ನಡೆಸುತ್ತಿದ್ದ. ಏಡನ್‌ನಿಂದ ಒಡೆದ ಹಳೇ ಪಾತ್ರೆ, ತಾಮ್ರ, ಸೀಸ ಬರುತ್ತಿತ್ತು. ಇಲ್ಲಿನ ಕಂಚುಗಾರರು ಅದನ್ನು ಕರಗಿಸಿ ಹರಿವಾಣ, ದೀಪ, ಬೋಗುಣಿ ಮಾಡಿ ಕೊಡುತ್ತಿದ್ದರು. ಹೀಗೆ ಮಾಡಿಸು, ಇಷ್ಟು ತೂಕ ಇರಲಿ ಅಂತ ಆರ್ಡರ್ ಪತ್ರಗಳೇ ಉಳಿದಿವೆ.

ಇಲ್ಲಿ ಒಂದು ಹೋಲಿಕೆ ಮಾಡಬೇಕು. ಮಂಗಳೂರಿನ ಕದ್ರಿಯಲ್ಲಿರುವ ಲೋಕೇಶ್ವರ ಕಂಚಿನ ಮೂರ್ತಿಯ ಪೀಠದ ಶಾಸನ ಶಾಸನಾಸಕ್ತರಿಗೆಲ್ಲ ಗೊತ್ತು. ಕಲಿವರ್ಷ 4068, ಅಂದ್ರೆ ಕ್ರಿ.ಶ. 968. ಆಳುಪ ದೊರೆ ಕುಂದವರ್ಮನ ಹೆಸರು ಅದರಲ್ಲಿದೆ. ಕಂಚಿನ ಮೇಲೆ ಕೆತ್ತಿದ್ದು ದೊರೆಯ ಭಕ್ತಿ. ಕಂಚು ಎಲ್ಲಿಂದ ಬಂತು, ಎಷ್ಟು ತೂಕ, ಕೂಲಿ ಎಷ್ಟು, ಯಾರು ತಡ ಮಾಡಿದರು ಅನ್ನೋದು ಶಾಸನದ ವಿಷಯವೇ ಅಲ್ಲ. ಆ ಎರಡನೇ ಅರ್ಧ ಸಿಗೋದು ಫುಸ್ತಾತಿನ ಕಾಗದದಲ್ಲಿ.

ಆ ಕಾಗದವೂ ಆಮದು ಮಾಲೇ. ನಮ್ಮಲ್ಲಿ ಆಗ ಬರೆಯಲು ಇದ್ದದ್ದು ಓಲೆಗರಿ, ಕಡತ, ಕಲ್ಲು, ತಾಮ್ರ. ಬೆನ್ ಯಿಜುಗೆ ಬೇಕಾದ ಕಾಗದವನ್ನು ಏಡನ್‌ನ ಸ್ನೇಹಿತರು ಸಕ್ಕರೆ, ಒಣದ್ರಾಕ್ಷಿ, ಸೋಪಿನ ಜೊತೆ ಹಡಗಿನಲ್ಲಿ ಕಳಿಸುತ್ತಿದ್ದರು. ಅವನು ಒಂದು ಚೂರನ್ನೂ ಹಾಳು ಮಾಡುತ್ತಿರಲಿಲ್ಲ. ಬಂದ ಪತ್ರದ ಹಿಂಭಾಗದಲ್ಲೇ ಲೆಕ್ಕ, ಕರಡು, ಪದ್ಯ ಬರೆಯುತ್ತಿದ್ದ. ಆ ಕಾಗದಗಳು ಅವನ ಜೊತೆ ಈಜಿಪ್ಟಿಗೆ ವಾಪಸು ಹೋಗಿ, ಕೊನೆಗೆ ಗೆನಿಜಾ ಸೇರಿದವು. ನಮ್ಮ ಕರಾವಳಿಯ ಮಳೆಗಾಲದಲ್ಲೇ ಇದ್ದಿದ್ದರೆ ನೂರು ವರ್ಷವೂ ಉಳಿಯುತ್ತಿರಲಿಲ್ಲ.

1132ರ ಒಂದು ಬಿಡುಗಡೆ ಪತ್ರ

ಮಂಗಳೂರಲ್ಲಿ ಬರೆದ ಕಾಗದಗಳಲ್ಲಿ ಅತಿ ಮುಖ್ಯವಾದದ್ದು 1132ರ ಅಕ್ಟೋಬರ್ 17ರ ಒಂದು ಕಾನೂನು ಪತ್ರ. ಬೆನ್ ಯಿಜು ತಾನು ಕೊಂಡಿದ್ದ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ, ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರು ಇಟ್ಟ. ಬೆರಾಖಾ ಅಂದ್ರೆ ಆಶೀರ್ವಾದ. ಆಮೇಲೆ ಅವಳನ್ನೇ ಮದುವೆಯಾದ ಅನ್ನೋದು ವಿದ್ವಾಂಸರ ತರ್ಕ.

ಶಾಸನ ಓದುವವರಿಗೆ ಕಾಲಗಣನೆ ಅಭ್ಯಾಸ ಇರುತ್ತದಲ್ಲ, ಈ ದಿನಾಂಕವನ್ನು ನಮ್ಮ ಲೆಕ್ಕಕ್ಕೆ ತಂದು ನೋಡೋಣ. ಗೆನಿಜಾದ ಕಾನೂನು ಪತ್ರಗಳಲ್ಲಿ ಸಾಮಾನ್ಯವಾಗಿ ಬಳಸುವುದು ಸೆಲ್ಯೂಸಿಡ್ ಶಕೆ. ಅದರ ವರ್ಷ ಶರತ್ಕಾಲದಲ್ಲಿ ಶುರು. ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗಿನ ತಾರೀಖಾದರೆ ಆ ವರ್ಷದಿಂದ 312 ಕಳೆಯಬೇಕು, ಜನವರಿ ಆದಮೇಲೆ 311. ಅಂದ್ರೆ 1132ರ ಅಕ್ಟೋಬರ್ ಸೆಲ್ಯೂಸಿಡ್ 1444. ನಮ್ಮ ಕಡೆ ಶಕವರ್ಷ 1054. ಗತ ಶಕಕ್ಕೆ 12 ಸೇರಿಸಿ 60ರಿಂದ ಭಾಗಿಸಿದರೆ ಶೇಷ 46, ಅದು ಪರಿಧಾವಿ ಸಂವತ್ಸರ. ಚಂದ್ರನ ಲೆಕ್ಕ ಹಾಕಿದರೆ ಕಾರ್ತಿಕ ಶುಕ್ಲಪಕ್ಷ. ಅದೇ ವಾರ ದೊಡ್ಡಬಳ್ಳಾಪುರದ ಕಡೆ ಯಾರಾದರೂ ದತ್ತಿಯ ಕಲ್ಲು ಹಾಕಿಸಿದ್ದರೆ ಅದರ ಮೇಲೆ ‘ಪರಿಧಾವಿ ಸಂವತ್ಸರದ ಕಾರ್ತ್ತಿಕ ಸುದ್ಧ’ ಅಂತ ಇರುತ್ತಿತ್ತು.

ಪತ್ರದಲ್ಲಿ ಊರಿನ ಹೆಸರು ‘ಮಂಜರೂರ್’. ಅರಬ್ಬಿಯಲ್ಲಿ ‘ಗ’ಕ್ಕೆ ಬೇರೆ ಅಕ್ಷರ ಇಲ್ಲ, ‘ಜೀಮ್’ ಅಕ್ಷರವನ್ನೇ ಬಳಸುತ್ತಾರೆ. ಈಜಿಪ್ಟಿನವರು ಅದನ್ನು ಇವತ್ತಿಗೂ ‘ಗ’ ಅಂತಲೇ ಉಚ್ಚರಿಸುತ್ತಾರೆ. ಲ–ರ ಅದಲುಬದಲು ಎಲ್ಲ ಕಡೆ ಇದ್ದದ್ದೇ. ಹಾಗಾಗಿ ಮಂಜರೂರ್ ಅಂದ್ರೆ ಮಂಗಲೂರು. ಇದೇ ಥರ ‘ಫಾಕನೂರ್’ ಅಂತ ಬರುವ ಊರನ್ನು ಬಾರಕೂರು ಅಂತ ಗುರುತಿಸಿದ್ದಾರೆ, ಅರಬ್ಬಿಯಲ್ಲಿ ‘ಪ’ ಇಲ್ಲವಾದ್ದರಿಂದ ‘ಫ’ ಬಂದಿದೆ. ಲಿಪಿ ಬದಲಾದಾಗ ಯಾವ ಧ್ವನಿ ಏನಾಗುತ್ತದೆ ಅನ್ನೋ ಈ ನಿಯಮ ನೆನಪಿರಲಿ. ಮುಂದಿನ ಓದಿಗೆ ಬೇಕು.

ಮೂರು ಅಕ್ಷರ

ಏಡನ್‌ನ ಖಲಫ್ ಬೆನ್ ಇಸ್ಹಾಕ್ 1148ರಲ್ಲಿ ಬೆನ್ ಯಿಜುಗೆ ಬರೆದ ಒಂದು ಪತ್ರ 1942ರಲ್ಲಿ ಮೊದಲು ಅಚ್ಚಾಯಿತು. ಜೆರುಸಲೆಮ್ಮಿನ ಗ್ರಂಥಾಲಯದಲ್ಲಿ ಅದರ ಗುರುತು ಎಂ.ಎಸ್. ಎಚ್.6. ಸರಕಿನ ಮಾತೆಲ್ಲ ಮುಗಿದ ಮೇಲೆ ನಿನ್ನ ಆಳಿಗೂ ನನ್ನ ವಂದನೆ ತಿಳಿಸು ಅನ್ನುವ ಅರ್ಥದ ಮಾತು ಅದರಲ್ಲಿದೆ. ಬೇರೆ ಪತ್ರಗಳಲ್ಲಿ ಈ ಆಳಿನ ಹೆಸರು ಇದೆ. ಅವನು ಮನೆಗೆಲಸದವನು ಮಾತ್ರ ಆಗಿರಲಿಲ್ಲ. ಯಜಮಾನನ ಪರವಾಗಿ ಸರಕು ತೆಗೆದುಕೊಂಡು ಏಡನ್‌ವರೆಗೆ ಹೋಗಿ ಬರುತ್ತಿದ್ದ ವ್ಯಾಪಾರದ ಪ್ರತಿನಿಧಿ. 1130ರ ದಶಕದಲ್ಲಿ ಏಡನ್‌ನ ವರ್ತಕ ಮುಖಂಡ ಮದ್ಮೂನ್ ಬರೆದ ಪತ್ರದಲ್ಲಿ, ಇವನು ಇಲ್ಲಿ ಕುಡಿದು ಕೂತು ಇನ್ನೂ ದುಡ್ಡು ಕೊಡು ಅಂತ ಕಾಡಿದ ಎನ್ನುವ ದೂರೂ ಇದೆ. ನಮ್ಮ ಶಾಸನಗಳಲ್ಲಿ ಒಬ್ಬ ಆಳು ಸಿಗಬೇಕಾದರೆ ಅವನು ಒಡೆಯನಿಗಾಗಿ ಸಾಯಬೇಕು. ಹೊಯ್ಸಳರ ಲೆಂಕರು, ಗರುಡರು ಸಿಗೋದು ಹಾಗೆಯೇ. ಕುಡಿದು ಗಲಾಟೆ ಮಾಡಿದ, ಕೆಲಸ ಮುಗಿಸಿ ಊರಿಗೆ ಬಂದ, ಬದುಕಿಯೇ ಇದ್ದ ಆಳು ಕಲ್ಲಿನಲ್ಲಿ ಸಿಗೋದು ಅಪರೂಪ.

ಹೆಸರು ಬರೆದಿರುವ ರೀತಿ: ಬೇತ್, ಮೇಮ್, ಹೇ. ಅಂದ್ರೆ ಬ್–ಮ್–ಹ್. ಗಾಯ್ಟೈನ್ ಇದನ್ನು ‘ಬಾಮ’ ಎಂದು ಓದಿದರು. ಭಾರತದ ಇತಿಹಾಸಕಾರ ಎ. ಎಲ್. ಬಾಷಮ್ ಇದು ‘ಬ್ರಹ್ಮ’ನ ಆಡುರೂಪ ಇರಬಹುದು ಎಂದು ಅವರಿಗೆ ತಿಳಿಸಿದ್ದರು. ಮುಂದೆ ಈ ಆಳಿನ ಬೆನ್ನು ಹತ್ತಿದ ಅಮಿತಾವ್ ಘೋಷ್ ಮಂಗಳೂರಿಗೆ ಬಂದು ಪ್ರೊ. ಬಿ. ಎ. ವಿವೇಕ ರೈ ಅವರನ್ನು ಕಂಡಾಗ ಸಿಕ್ಕ ಓದು ‘ಬೊಮ್ಮ’. ಘೋಷರ 1992ರ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಪುಸ್ತಕದಲ್ಲಿ ಈ ಕತೆ ಇದೆ. ತುಳುನಾಡಿನ ಬೆರ್ಮೆರ್ ದೈವದ ಹೆಸರಿನ ನಂಟನ್ನೂ ಅವರು ಅಲ್ಲಿ ಚರ್ಚಿಸುತ್ತಾರೆ.

ಈಗ ಈ ಓದನ್ನು ಹೊರಗಿನಿಂದ ಪರೀಕ್ಷೆ ಮಾಡಬಹುದೇ? ಮಾಡಬಹುದು. ಹಂತ ಹಂತವಾಗಿ ನೋಡೋಣ.

ಹಂತ 1. ಈ ಬರವಣಿಗೆಯಲ್ಲಿ ಹ್ರಸ್ವ ಸ್ವರ ಬರೆಯೋದಿಲ್ಲ. ದೀರ್ಘ ಸ್ವರಕ್ಕೆ ಸಾಮಾನ್ಯವಾಗಿ ಅಕ್ಷರ ಬರೆಯುತ್ತಾರೆ: ‘ಆ’ಗೆ ಆಲೆಫ್, ‘ಈ’ಗೆ ಯೋದ್, ‘ಊ’ಗೆ ವಾವ್. ನಮ್ಮ ಹೆಸರಿನಲ್ಲಿ ಬೇತ್ ಆದಮೇಲೆ ಇವು ಯಾವುದೂ ಇಲ್ಲ. ಹಾಗಾಗಿ ಮೊದಲ ಸ್ವರ ಹ್ರಸ್ವ. ‘ಭೀಮ’ ಆಗಿದ್ದರೆ ಯೋದ್ ಇರಬೇಕಿತ್ತು. ‘ಬಾಮ’ ಆಗಿದ್ದರೆ ಆಲೆಫ್ ಇರಬೇಕಿತ್ತು.

ಹಂತ 2. ದ್ವಿತ್ವ ಅಂದ್ರೆ ಒತ್ತಕ್ಷರವನ್ನು ಒಂದೇ ಸಲ ಬರೆಯುತ್ತಾರೆ. ‘ಮ್ಮ’ ಇದ್ದರೂ ಒಂದೇ ಮೇಮ್.

ಹಂತ 3. ಕೊನೆಯ ‘ಹೇ’ ಉಚ್ಚಾರಕ್ಕಲ್ಲ, ಶಬ್ದ ‘ಅ’ಕಾರದಲ್ಲಿ ಮುಗಿಯುತ್ತದೆ ಅಂತ ತೋರಿಸೋಕೆ.

ಉಳಿದ ಸಾಧ್ಯತೆಗಳು: ಬಮ್ಮ, ಬಿಮ್ಮ, ಬುಮ್ಮ, ಬೊಮ್ಮ. ಅರಬ್ಬಿಯಲ್ಲಿ ‘ಒ’ ಸ್ವರವೇ ಬೇರೆಯಾಗಿ ಇಲ್ಲ, ಆದ್ದರಿಂದ ಲಿಪಿ ಇದಕ್ಕಿಂತ ಮುಂದೆ ನಮ್ಮನ್ನು ಕರೆದೊಯ್ಯೋದಿಲ್ಲ. ನಮ್ಮ ಕಲ್ಲಿನಲ್ಲೂ ಇಂಥ ತಾಪತ್ರಯ ಇದೆಯಲ್ಲ. ಹಳೆಯ ಶಾಸನಗಳಲ್ಲಿ ಒ–ಓ, ಎ–ಏ ಭೇದ ತೋರಿಸೋದಿಲ್ಲ. ‘ಕೊಡು’, ‘ಕೋಡು’ ಎರಡೂ ಒಂದೇ ಥರ ಕಾಣುತ್ತವೆ. ಸಂದರ್ಭ ನೋಡಿ, ಬೇರೆ ಶಾಸನ ನೋಡಿ ನಿರ್ಧರಿಸುತ್ತೇವೆ. ಇಲ್ಲೂ ಅದೇ ದಾರಿ.

ಹಂತ 4. ಆ ಕಾಲದ ಜನ ನಿಜವಾಗಿ ಇಟ್ಟುಕೊಳ್ಳುತ್ತಿದ್ದ ಹೆಸರು ಯಾವುದು? ಇದಕ್ಕೆ ಉತ್ತರ ಕಲ್ಲುಗಳಲ್ಲಿದೆ.

ಕಲ್ಲುಗಳ ಸಾಕ್ಷಿ

ಬಿಮ್ಮ, ಬುಮ್ಮ ನಮ್ಮ ಶಾಸನಗಳ ಬಳಕೆಯ ಹೆಸರುಗಳಲ್ಲ. ಬಮ್ಮ ಮತ್ತು ಬೊಮ್ಮ ಹೇರಳ. ಎರಡೂ ‘ಬ್ರಹ್ಮ’ ಶಬ್ದದ ತದ್ಭವಗಳೇ. ವಿಷ್ಣುವರ್ಧನನ ರಾಣಿಯರಲ್ಲಿ ಒಬ್ಬಳು ಬಮ್ಮಲದೇವಿ, ಬೆನ್ ಯಿಜುವಿನ ಸಮಕಾಲೀನಳು. ಅದೇ ಶತಮಾನದ ಶರಣ ಕಿನ್ನರಿ ಬೊಮ್ಮಯ್ಯನನ್ನು ಕಿನ್ನರಿ ಬ್ರಹ್ಮಯ್ಯ ಅಂತಲೂ ಕರೆಯುತ್ತಾರೆ. ಒಬ್ಬನೇ ವ್ಯಕ್ತಿ, ಎರಡು ರೂಪ. ಇನ್ನು ಬೊಮ್ಮಣ್ಣ, ಬೊಮ್ಮಗೌಡ, ಬೊಮ್ಮಿಸೆಟ್ಟಿ, ಶಿಲ್ಪಿಗಳಲ್ಲಿ ಬಮ್ಮೋಜ, ಬೊಮ್ಮೋಜ. ರೈತ, ವರ್ತಕ, ಕಲ್ಲುಕುಟಿಗ, ರಾಣಿ ಯಾರಿಗೂ ಒಪ್ಪುವ ಹೆಸರು.

ಬೆಂಗಳೂರು ಜಿಲ್ಲೆಯ ಶಾಸನಗಳು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟದಲ್ಲಿವೆ, ಪ್ರಕಟವಾದದ್ದು 1905ರಲ್ಲಿ. ನಮ್ಮ ನಾಲ್ಕೂ ತಾಲ್ಲೂಕು ಅದರಲ್ಲಿ ಬರುತ್ತವೆ. ಆ ಸಂಪುಟವನ್ನು ದೊರೆಗಳಿಗಾಗಿ ಓದುವುದು ರೂಢಿ. ಒಮ್ಮೆ ಬರೀ ಸಾಕ್ಷಿಗಳ, ಗೌಡರ, ಕಲ್ಲು ಕಡೆದವರ ಹೆಸರಿಗಾಗಿ ಓದಿ ನೋಡಿ. ಹೆಸರು ನೆಲಕ್ಕೂ ಅಂಟಿದೆ: ದೇವನಹಳ್ಳಿ ತಾಲ್ಲೂಕಿನಲ್ಲೇ ಬೊಮ್ಮವಾರ ಇದೆ, ಬೆಂಗಳೂರಲ್ಲಿ ಬೊಮ್ಮನಹಳ್ಳಿ ಇದೆ.

ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ, ಅಳತೆ ಎಷ್ಟೇ ಚೆನ್ನಾಗಿದ್ದರೂ ಟಾಲರೆನ್ಸ್ ಹೇಳಲೇಬೇಕು. ಈ ಓದಿನ ಟಾಲರೆನ್ಸ್ ಬಮ್ಮ–ಬೊಮ್ಮದ ನಡುವೆ ಇರುವಷ್ಟು. ಎರಡರಲ್ಲಿ ಯಾವುದಾದರೂ ಅದು ಕನ್ನಡ–ತುಳು ಸೀಮೆಯ ಹೆಸರು ಅನ್ನೋದು ಬದಲಾಗೋದಿಲ್ಲ. ಹೀಬ್ರೂ ಲಿಪಿಯಲ್ಲಿ, ಅರಬ್ಬಿ ಪತ್ರದಲ್ಲಿ, ಈಜಿಪ್ಟಿನಲ್ಲಿ ಉಳಿದ ನಮ್ಮ ಕಡೆಯ ಒಬ್ಬ ಸಾಮಾನ್ಯನ ಹೆಸರು ಅದು.

ಕೊಚ್ಚಿಯ ಕನ್ನಡಿ

ಇದರ ತದ್ವಿರುದ್ಧ ಉದಾಹರಣೆ ಕೇರಳದಲ್ಲಿದೆ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಇದೆ. ಚೇರ ದೊರೆ ಭಾಸ್ಕರ ರವಿವರ್ಮ ಸುಮಾರು ಕ್ರಿ.ಶ. 1000ದಲ್ಲಿ ಯಹೂದಿ ಮುಖಂಡ ಜೋಸೆಫ್ ರಬ್ಬಾನ್‌ಗೆ ಕೊಟ್ಟ ತಾಮ್ರಪಟವನ್ನು ಆ ಸಿನಗಾಗ್‌ನವರು ಕಾಪಾಡಿಕೊಂಡು ಬಂದಿದ್ದಾರೆ. ಲಿಪಿ ವಟ್ಟೆಳುತ್ತು. ಪಲ್ಲಕ್ಕಿ, ಕೊಡೆ, ಹಗಲು ದೀಪದಂಥ 72 ಮರ್ಯಾದೆಗಳ ಜೊತೆಗೆ ‘ಅಂಜುವಣ್ಣಂ’ ಎಂಬ ವರ್ತಕ ಹಕ್ಕು ಅವನಿಗೆ ಸಿಕ್ಕಿತು. ಆ ತಾಮ್ರದ ಮೇಲೆ ಜೋಸೆಫ್ ರಬ್ಬಾನ್ ಹೆಸರು ‘ಇಸ್ಸುಪ್ಪು ಇರಪ್ಪಾನ್’. ಅಲ್ಲಿ ಹೀಬ್ರೂ ಹೆಸರು ನಮ್ಮ ಕಡೆಯ ನಾಲಿಗೆಗೆ ಹೊಂದಿಕೊಂಡಿದೆ. ಫುಸ್ತಾತಿನಲ್ಲಿ ನಮ್ಮ ಹೆಸರು ಹೀಬ್ರೂ ಲಿಪಿಗೆ ಹೊಂದಿಕೊಂಡಿದೆ. ಅಂಜುವಣ್ಣಂ ಎಂಬ ಶಬ್ದದ ನಂಟು ನಮ್ಮಲ್ಲೂ ಇದೆ. ತುಳುನಾಡಿನ ವಿಜಯನಗರ ಕಾಲದ ಶಾಸನಗಳಲ್ಲಿ ಬರುವ ‘ಹಂಜಮಾನ’ ಎಂಬ ವರ್ತಕ ಸಂಘ ಅದೇ ಮೂಲದ್ದು, ಪರ್ಷಿಯನ್ ‘ಅಂಜುಮನ್’ ಅಂತ ವಿದ್ವಾಂಸರು ಹೇಳುತ್ತಾರೆ. ಕಡಲಾಚೆಯ ವರ್ತಕರು ನಮ್ಮ ಕಲ್ಲಿನಲ್ಲಿ ಕಾಣಿಸಿಕೊಳ್ಳೋದು ಹೀಗೆ ಒಂದು ಗುಂಪಿನ ಹೆಸರಾಗಿ.

ಸಣ್ಣ ಕಲ್ಲುಗಳ ಲೆಕ್ಕ

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣ ಇದೆ. ಫುಸ್ತಾತಿನವರು ಯಾವುದು ಮುಖ್ಯ, ಯಾವುದು ಅಲ್ಲ ಅಂತ ತೀರ್ಪು ಕೊಡದೆ ಎಲ್ಲವನ್ನೂ ಇಟ್ಟರು. ಅದಕ್ಕೇ ಬೊಮ್ಮ ಉಳಿದ. ನಮ್ಮಲ್ಲಿ ಉಲ್ಟಾ. ದೊಡ್ಡ ದೇವಸ್ಥಾನದ ದೊಡ್ಡ ಶಾಸನಕ್ಕೆ ಬೇಲಿ, ಬೋರ್ಡು. ತೋಟದ ಬದುವಿನ ತುಂಡುಕಲ್ಲಿನ ಮೇಲೆ ಎರಡೇ ಸಾಲು, ಯಾರದೋ ಹೆಸರು ಇದ್ದರೆ ಅದು ಚರಂಡಿಗೆ ಹಾಸುಗಲ್ಲು, ಇಲ್ಲವೇ ಬಡಾವಣೆಯ ಮಣ್ಣಿನಡಿ. ನಿಧಿ ಆಸೆಗೆ ಒಡೆದದ್ದೂ ಉಂಟು. ಬೆಂಗಳೂರಿನ ಹೆಸರು ನಮಗೆ ಮೊದಲು ಸಿಗೋದು ಬೇಗೂರಿನ ಒಂದು ಪುಟ್ಟ ಶಾಸನದಲ್ಲಿ, ‘ಬೆಂಗಳೂರು ಕಾಳಗ’ದಲ್ಲಿ ಒಬ್ಬ ಸತ್ತ ಅನ್ನೋ ಸುದ್ದಿಯಲ್ಲಿ. ಯಾವ ದೊರೆಯ ಪ್ರಶಸ್ತಿಯಲ್ಲೂ ಅದು ಇರಲಿಲ್ಲ.

ಬೊಮ್ಮನ ಓದಿಗೆ ಬಲ ಕೊಟ್ಟದ್ದೂ ಅಂಥ ಕಲ್ಲುಗಳೇ. ಹೆಸರುಗಳ ರಾಶಿ ದೊಡ್ಡದಿದ್ದಷ್ಟೂ ಓದು ಗಟ್ಟಿ. ಒಂದು ತುಂಡುಕಲ್ಲು ಹೋದರೆ ಆ ರಾಶಿಯಲ್ಲಿ ಒಂದು ಕಡಿಮೆ.

ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈ ಭಾಗದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ನಡೆಸಿದ್ದಾರೆ. ನಿಮ್ಮ ಊರಿನಲ್ಲಿ ಅಕ್ಷರ ಇರುವ ಕಲ್ಲು ಕಂಡರೆ, ಒಡೆದಿದ್ದರೂ ಸರಿ, ನಾಲ್ಕು ಕೆಲಸ ಮಾಡಿ. ಎಣ್ಣೆ, ಬಣ್ಣ, ಸುಣ್ಣ ಹಚ್ಚಬೇಡಿ, ಹಚ್ಚಲು ಬಿಡಬೇಡಿ. ಸಂಜೆ ಬೆಳಕಿನಲ್ಲಿ ಅಥವಾ ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೋ ತೆಗೆಯಿರಿ, ಎದುರಿನಿಂದ ಫ್ಲ್ಯಾಶ್ ಬೇಡ. ಫೋನಿನಲ್ಲೇ ಜಾಗದ ಅಕ್ಷಾಂಶ ರೇಖಾಂಶ ಗುರುತು ಮಾಡಿಕೊಳ್ಳಿ. ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಆ ಊರಿನ ಹೆಸರಿನಡಿ ಇದು ಇದೆಯಾ ನೋಡಿ. ಇಲ್ಲದಿದ್ದರೆ ಗೊತ್ತಿರುವವರಿಗೆ ಕಳಿಸಿ. ಎರಡೇ ಅಕ್ಷರ ಉಳಿದಿದ್ದರೂ ಕಳಿಸಿ.